ಬರೆಯಬೇಡ ಮಗಾ

ಚಿಕ್ಕಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಮಡಚಿಟ್ಟುಕೊಂಡು ಕೂತಿದ್ದರು. ಮಂಗಳೂರಿನ ಆ ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ ಫ್ಯಾನು ಸುಮ್ಮನೆ ಬಿಸಿಗಾಳಿ ತಿರುಗಿಸುತ್ತಿತ್ತು. ಕೈ ಮುಚ್ಚಿಕೊಳ್ಳುವಷ್ಟು ಚಳಿ ಎಲ್ಲಿಂದ ಬರಬೇಕು? ಎದುರಿಗಿದ್ದ ಸಿಸ್ಟರ್ ಫೈಲು ಬಿಡಿಸಿ ತುಳುವಿನಲ್ಲಿ ಒಂದೊಂದೇ ಕೇಳುತ್ತಿದ್ದರು. ಊಟ ಸೇರ್ತದಾ, ವಾಂತಿ ಉಂಟಾ, ಹೊಟ್ಟೆ ಹೇಗುಂಟು, ಕೈಕಾಲು ಉರಿ ಏನಾದರೂ? ಎಲ್ಲದಕ್ಕೂ ಚಿಕ್ಕಮ್ಮನದು ಒಂದೇ ಉತ್ತರ: ಏನೂ ತೊಂದರೆ ಇಲ್ಲ. ಮನೆಯಲ್ಲಿ ತುಂಬಿಸಲು ಕೊಟ್ಟಿದ್ದ ಡೈರಿಯಲ್ಲೂ ಇಪ್ಪತ್ತೊಂದು ದಿನಕ್ಕೆ ಇಪ್ಪತ್ತೊಂದು ಸಲ 'ಇಲ್ಲ' ಎಂದೇ ಬರೆದಿತ್ತು.

ಸಿಸ್ಟರ್ ಪೆನ್ನು ಕೆಳಗಿಟ್ಟರು. ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು, ನೆರೆಮನೆಯ ಹುಡುಗಿ ಜಗಲಿಯಲ್ಲಿ ಕೂತು ಕೇಳುವ ಹಾಗೆ ಕೇಳಿದರು: 'ಅಮ್ಮಾ, ಈಗ ದಿನಕ್ಕೆ ಬೀಡಿ ಎಷ್ಟು ಕಟ್ತೀರಿ?'

ಚಿಕ್ಕಮ್ಮನ ಮುಖ ಬಿಚ್ಚಿಕೊಂಡಿತು. ಬೀಡಿಯ ವಿಷಯ ಬಂದರೆ ಅವರಿಗೆ ಹಾಗೆಯೇ. ಮೊದಲು ಎಂಟುನೂರರವರೆಗೆ ಕಟ್ಟುತ್ತಿದ್ದೆ, ಈಗ ಇನ್ನೂರು ಆದರೆ ದೊಡ್ಡದು, ಬ್ರಾಂಚಿನವನು ಪುಸ್ತಕ ನೋಡಿ ನಗಾಡುತ್ತಾನೆ ಎಂದರು. ಹೇಳಿ ಮುಗಿಯುವಷ್ಟರಲ್ಲಿ ತಾನು ಏನು ಹೇಳಿಬಿಟ್ಟೆ ಎಂದು ಅವರಿಗೇ ಗೊತ್ತಾಯಿತು. ಸಿಸ್ಟರ್ ಕೈ ಚಾಚಿದರು. ಚಿಕ್ಕಮ್ಮ ನಿಧಾನಕ್ಕೆ ಸೆರಗಿನಿಂದ ಕೈ ಹೊರಗೆ ತೆಗೆದರು. ಅಂಗೈ ಕೆಂಪಗೆ ಊದಿತ್ತು, ಬೆರಳ ತುದಿಗಳಲ್ಲಿ ಚರ್ಮ ಸಿಪ್ಪೆಯ ಹಾಗೆ ಎದ್ದಿತ್ತು. ಸಿಸ್ಟರ್ ಅದನ್ನು ಬಹಳ ಹೊತ್ತು ನೋಡಿ, ಮತ್ತೆ ಪೆನ್ನು ಎತ್ತಿಕೊಂಡಾಗ ಚಿಕ್ಕಮ್ಮ ಹೇಳಿದ್ದು: 'ಬರೆಯಬೇಡ ಮಗಾ.'

ನಾನು ಪಕ್ಕದಲ್ಲೇ ಇದ್ದೆ. ನನ್ನ ಮನಸ್ಸಿನಲ್ಲೂ ಅದೇ ಮಾತಿತ್ತು. ಸಿಸ್ಟರ್ ಬರೆದುಕೊಂಡರು.

ಇಷ್ಟೇ ನಡೆದದ್ದು. ಆದರೆ ಆ ಒಂದು ಸಾಲು ಬರವಣಿಗೆಯ ಬಗ್ಗೆ ನಾನು ಈ ಕೆಲವು ವರ್ಷಗಳಲ್ಲಿ ಯೋಚಿಸಿದಷ್ಟು ಬೇರೆ ಯಾವ ಬರವಣಿಗೆಯ ಬಗ್ಗೆಯೂ ಯೋಚಿಸಿಲ್ಲ.

ಹಿನ್ನೆಲೆ ಸ್ವಲ್ಪ ಹೇಳಬೇಕು. ಚಿಕ್ಕಮ್ಮನ ಮನೆ ಈಗ ಕಡಬ ತಾಲೂಕಿಗೆ ಸೇರಿದ, ಮೊದಲು ಪುತ್ತೂರಿಗೆ ಸೇರಿದ್ದ ಒಂದು ಹಳ್ಳಿಯಲ್ಲಿ, ಕುಮಾರಧಾರೆಯ ಈಚೆ ದಡದಲ್ಲಿ. ಎದೆಯ ಗಂಟಿಗೆ ಒಮ್ಮೆ ಆಪರೇಷನ್, ಕಿಮೋ ಎಲ್ಲ ಆಗಿ, ಎರಡು ವರ್ಷ ಚೆನ್ನಾಗಿದ್ದು, ಮತ್ತೆ ಬಂತು. ಪುತ್ತೂರು, ಸುಳ್ಯ, ಕಡಬದವರಿಗೆ ದೊಡ್ಡ ಕಾಯಿಲೆ ಎಂದರೆ ಒಂದು ದಾರಿ. ಪುತ್ತೂರಿನಿಂದ ಮಂಗಳೂರಿಗೆ 50 ಕಿಲೋಮೀಟರ್ ಚಿಲ್ಲರೆ, ಸುಳ್ಯದಿಂದ 85ರ ಆಸುಪಾಸು. ಸುಳ್ಯದಲ್ಲೇ ಮೆಡಿಕಲ್ ಕಾಲೇಜು ಉಂಟು, ಪುತ್ತೂರಿನಲ್ಲಿ ಒಳ್ಳೆಯ ಆಸ್ಪತ್ರೆಗಳುಂಟು, ಆದರೂ ಕ್ಯಾನ್ಸರ್ ಎಂಬ ಶಬ್ದ ಬಂದ ಕೂಡಲೇ ಜನ ಮಂಗಳೂರಿಗೆ, ಮಣಿಪಾಲಕ್ಕೆ, ಬೆಂಗಳೂರಿನ ಕಿದ್ವಾಯಿಗೆ ಹೊರಡುತ್ತಾರೆ. ನಾವು ಬೆಳಗ್ಗಿನ ಮೊದಲ ಬಸ್ಸಿಗೆ ಉಪ್ಪಿನಂಗಡಿಗೆ ಬಂದು, ಅಲ್ಲಿಂದ ಅಗಲ ಮಾಡುತ್ತಲೇ ಇದ್ದ ಹೆದ್ದಾರಿಯ ಧೂಳಿನಲ್ಲಿ ಬಿ.ಸಿ.ರೋಡು ದಾಟಿ ಹೋಗುತ್ತಿದ್ದೆವು. ಚಿಕ್ಕಮ್ಮ ದಾರಿಯುದ್ದಕ್ಕೂ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡೇ ಇರುತ್ತಿದ್ದರು. ವಾಂತಿ ಬಂದರೆ ಎಂದು.

ಟ್ರಯಲ್ ಎಂಬ ಶಬ್ದ ಮೊದಲು ಹೇಳಿದ್ದು ಡಾಕ್ಟರು. ಈಗಿರುವ ಮದ್ದಿನ ಜೊತೆಗೆ ಒಂದು ಹೊಸ ಮಾತ್ರೆ ಕೊಟ್ಟು ನೋಡುವ ಪ್ರಯೋಗ. ಅರ್ಧ ಜನಕ್ಕೆ ಹಳೆಯದು ಮಾತ್ರ, ಅರ್ಧ ಜನಕ್ಕೆ ಹಳೆಯದು ಮತ್ತು ಹೊಸದು. ಯಾರಿಗೆ ಯಾವುದು ಎಂದು ಕಂಪ್ಯೂಟರು ಹೇಳುತ್ತದೆ. ಕನ್ನಡದಲ್ಲಿ ಅಚ್ಚಾದ ಹಲವು ಪುಟಗಳ ಒಪ್ಪಿಗೆ ಪತ್ರ ಕೊಟ್ಟು, ಮನೆಗೆ ಕೊಂಡುಹೋಗಿ ಓದಿ, ಅವಸರ ಇಲ್ಲ ಎಂದರು. ಐದನೇ ತರಗತಿಯವರೆಗೆ ಓದಿದ ಚಿಕ್ಕಮ್ಮನಿಗೆ ಕನ್ನಡ ಓದಲು ಬರುತ್ತದೆ. ಆದರೆ 'ಯಾದೃಚ್ಛಿಕವಾಗಿ' ಎಂಬಲ್ಲಿ ಅವರು ನಿಂತುಬಿಟ್ಟರು. ನಿಜ ಹೇಳಬೇಕೆಂದರೆ ಬಿ.ಎ. ಓದಿದ ನನಗೂ ಆ ಶಬ್ದವನ್ನು ಒಡೆದು ಹೇಳಲು ಆಗಲಿಲ್ಲ.

ಅದನ್ನು ಬಿಡಿಸಿದ್ದು ಸಿಸ್ಟರ್. ಚೀಟಿ ಎತ್ತಿದ ಹಾಗೆ ಅಮ್ಮಾ, ಯಾವ ಚೀಟಿ ಬರ್ತದೆ ಅಂತ ಡಾಕ್ಟ್ರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ ಎಂದರು. ನಮ್ಮ ಈ ಮೂರು ತಾಲೂಕುಗಳಲ್ಲಿ ಕಾಗದದ ಭಾಷೆ ಒಂದು, ನೋವಿನ ಭಾಷೆ ಇನ್ನೊಂದು. ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಮಲಯಾಳ. ಸುಳ್ಯದ ರಬ್ಬರ್ ತೋಟಗಳಲ್ಲಿ 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ನೆಲೆಸಿದವರ ತಮಿಳು. ಭಾಗಿಯಾಗುವವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು ಎಂದು ನಿಯಮವೇನೋ ಹೇಳುತ್ತದೆ. ಅದನ್ನು ಪೂರೈಸುವುದು ಕೊನೆಗೆ ಯಾರು? ಚೀಟಿ ಎಂಬ ಮಾತು ತಿಳಿದಿರುವ ಒಬ್ಬ ಹುಡುಗಿ.

ಸಹಿ ಹಾಕುವ ಮೊದಲು ಚಿಕ್ಕಮ್ಮ ಇನ್ನೊಂದು ಕಡೆಯೂ ಕೇಳಿದರು. ಮನೆಯ ಹತ್ತಿರ ನಡೆದ ಕೋಲದಲ್ಲಿ ಕೊರಗಜ್ಜನೆದುರು ಚಕ್ಕುಲಿ, ವೀಳ್ಯ, ಕಳ್ಳು ಇಟ್ಟು, ಹೊಸ ಮದ್ದಿಗೆ ಹೋಗಲಾ ಎಂದು ಕೈಮುಗಿದರು. ಹೋಗು, ನಾನಿದ್ದೇನೆ ಎಂದು ನುಡಿಯಾಯಿತು. ಆ ವೀಳ್ಯದಲ್ಲಿದ್ದ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ಮೊದಲ ಗುಂಪಿಗೆ ಸೇರಿಸಿದೆ ಎಂಬುದು ನನ್ನ ತಲೆಯಲ್ಲಿ ಸುಳಿಯಿತು. ಅಡಿಕೆ ತಿಂದು ಬದುಕುವ ಊರಲ್ಲ ನಮ್ಮದು, ಅಡಿಕೆ ಮಾರಿ ಬದುಕುವ ಊರು. ಅಂಥ ಊರಿನಲ್ಲಿ ಆ ಮಾತು ಬಾಯಿಬಿಟ್ಟು ಆಡುವವರು ಕಡಿಮೆ. ನಾನೂ ಆಡಲಿಲ್ಲ. ಮರುವಾರ ಚಿಕ್ಕಮ್ಮ ಸಹಿ ಹಾಕಿದರು. ಆ ಸಹಿಯ ಹಿಂದೆ ಇದ್ದ ಒಪ್ಪಿಗೆ ಯಾವುದು, ಒಪ್ಪಿಗೆ ಪತ್ರದ್ದೋ, ಅಜ್ಜನದ್ದೋ, ಸಿಸ್ಟರ್ ಮೇಲಿನ ನಂಬಿಕೆಯದ್ದೋ ಎಂದು ಬಿಡಿಸಿ ಹೇಳುವ ಧೈರ್ಯ ನನಗಿಲ್ಲ. ಕಂಪ್ಯೂಟರು ಅವರಿಗೆ ಹೊಸ ಮಾತ್ರೆಯ ಚೀಟಿ ಎತ್ತಿತು.

ಇಲ್ಲೇ ಮೊದಲ ಗಂಟು ಇರುವುದು. 1982ರಲ್ಲಿ ಪಾಲ್ ಆ್ಯಪಲ್‌ಬಾಮ್ ಎಂಬ ಅಮೆರಿಕದ ಮನೋವೈದ್ಯರು ಮತ್ತು ಅವರ ಸಂಗಡಿಗರು ಒಂದು ತಪ್ಪು ತಿಳಿವಳಿಕೆಗೆ ಹೆಸರು ಕೊಟ್ಟರು. ಪ್ರಯೋಗಕ್ಕೆ ಸೇರಿದ ರೋಗಿ, ಇಲ್ಲಿ ಮಾಡುವುದೆಲ್ಲ ನನ್ನ ಒಳ್ಳೆಯದಕ್ಕೇ, ನನಗೆ ಯಾವುದು ಹಿತವೋ ನೋಡಿಯೇ ಕೊಡುತ್ತಾರೆ ಎಂದುಕೊಳ್ಳುತ್ತಾನೆ. ಹಾಗಲ್ಲ. ಮದ್ದು ಚೀಟಿಯಿಂದ ಬಂದದ್ದು. ರಕ್ತ ಪರೀಕ್ಷೆಯಲ್ಲಿ ಕೆಲವು ನಿನಗಾಗಿ, ಕೆಲವು ಲೆಕ್ಕಕ್ಕಾಗಿ. ಪ್ರಯೋಗ ಹುಡುಕುತ್ತಿರುವುದು 'ಈ ಹೆಂಗಸಿಗೆ ಏನು ಒಳ್ಳೆಯದು' ಎಂಬ ಉತ್ತರವನ್ನಲ್ಲ, 'ಇಂಥವರಿಗೆ ಏನು ಒಳ್ಳೆಯದು' ಎಂಬ ಉತ್ತರವನ್ನು. ಎರಡೂ ಒಳ್ಳೆಯ ಪ್ರಶ್ನೆಗಳೇ, ಆದರೆ ಒಂದೇ ಪ್ರಶ್ನೆಯಲ್ಲ. ನೈತಿಕತೆಯ ಪುಸ್ತಕಗಳೆಲ್ಲ ಹೇಳುವುದು, ಈ ವ್ಯತ್ಯಾಸವನ್ನು ರೋಗಿಗೆ ತಿಳಿಸಿ ಹೇಳಿ ಎಂದು.

ತಿಳಿಸಿ ಹೇಳುವವರು ಯಾರೆಂದರೆ ಮತ್ತೆ ಸಿಸ್ಟರ್. ಕಷ್ಟ ಏನೆಂದರೆ, ಅವರು ಎಷ್ಟು ಒಳ್ಳೆಯವರೋ ಅಷ್ಟೂ ಆ ತಪ್ಪು ತಿಳಿವಳಿಕೆ ಬಲವಾಗುತ್ತದೆ. ಚಿಕ್ಕಮ್ಮನ ಮೊದಲ ಸಲದ ಚಿಕಿತ್ಸೆಯಲ್ಲಿ ಅವರ ಹೆಸರು ಕರೆದವರಿರಲಿಲ್ಲ. ಟೋಕನ್ ನಂಬರು, ಉದ್ದ ಸಾಲು, ಬೈಗುಳ. ಟ್ರಯಲಿಗೆ ಸೇರಿದ ಮೇಲೆ ಸಾಲಿಲ್ಲ, ಪರೀಕ್ಷೆಗೆ ದುಡ್ಡಿಲ್ಲ, ಬಸ್ಸಿನ ಖರ್ಚು ಕೈಗೆ ಕೊಡುತ್ತಾರೆ, ಒಂದು ಫೋನ್ ನಂಬರು ಉಂಟು. ಜ್ವರ ಬಂದರೆ ರಾತ್ರಿ ಹತ್ತಕ್ಕೂ ಆ ಹುಡುಗಿ ಫೋನ್ ತೆಗೆದು 'ಎಂಥ ಆಯ್ತು ಅಮ್ಮಾ' ಎನ್ನುತ್ತಾಳೆ. ಅವಳ ತಾಯಿಯೂ ಕಡಬದ ಹತ್ತಿರದವರು, ಅವರೂ ಬೀಡಿ ಕಟ್ಟಿಯೇ ಮಗಳನ್ನು ನರ್ಸಿಂಗ್ ಓದಿಸಿದ್ದು. ಚಿಕ್ಕಮ್ಮನ ಪಾಲಿಗೆ ಟ್ರಯಲ್ ಎಂದರೆ ಆ ಹುಡುಗಿ. ಮಾತ್ರೆ ಅಲ್ಲ.

ದುಡ್ಡು ಕೊಟ್ಟು ಒಪ್ಪಿಸಿದರೆ ಆಮಿಷ ಎನ್ನುತ್ತೇವೆ. ಅದನ್ನು ತಡೆಯಲು ನೀತಿ ಸಮಿತಿಗಳಿವೆ. ಪ್ರೀತಿ ಕೊಟ್ಟು ಒಪ್ಪಿಸಿದರೆ? ಅದನ್ನು ಅಳೆಯುವ ಸಮಿತಿ ಎಲ್ಲಿದೆ? ಹಾಗೆಂದು ಸಿಸ್ಟರ್ ಬಿಗಿಮುಖ ಹಾಕಿಕೊಂಡಿರಲಿ ಎಂದರೆ ಅದೂ ಅನ್ಯಾಯ. ಒಬ್ಬ ಕಾಯಿಲೆಯವಳಿಗೆ ಸಿಗಬೇಕಾದ ಸಾಮಾನ್ಯ ಮರ್ಯಾದೆ ಟ್ರಯಲಿನ ಕೋಣೆಯಲ್ಲಿ ಮಾತ್ರ ಸಿಗುವುದು ಸಿಸ್ಟರ್ ತಪ್ಪಲ್ಲ. ಕೋಣೆಯ ಹೊರಗಿನ ಬರಗಾಲದ ತಪ್ಪು. ಬರಗಾಲದಲ್ಲಿ ಊಟ ಹಾಕಿದವರ ಮಾತಿಗೆ ಒಲ್ಲೆ ಎನ್ನುವುದು ಸುಲಭವಲ್ಲ ಎಂಬುದಷ್ಟೇ ನನ್ನ ಮಾತು.

ಚಿಕ್ಕಮ್ಮ ಕೈ ಮುಚ್ಚಿಟ್ಟದ್ದು ಇದಕ್ಕೇ. ಡೈರಿಯಲ್ಲಿ ಉರಿ ಎಂದು ಬರೆದರೆ ಮಾತ್ರೆ ನಿಲ್ಲಿಸುತ್ತಾರೆ, ಮಾತ್ರೆ ನಿಂತರೆ ಹೊರಗೆ ಹಾಕುತ್ತಾರೆ, ಹೊರಗೆ ಹಾಕಿದರೆ ಮತ್ತೆ ಆ ಟೋಕನ್ ಸಾಲು. ಕಾಯಿಲೆಗಿಂತ ಅವರು ಹೆದರಿದ್ದು ಆ ಸಾಲಿಗೆ ಎಂದು ನನಗೆ ಈಗ ಅನಿಸುತ್ತದೆ.

ಅವರ ಕೈಗೆ ಆದದ್ದಕ್ಕೆ ವೈದ್ಯಕೀಯದಲ್ಲಿ ಹೆಸರುಂಟು, ಹ್ಯಾಂಡ್-ಫುಟ್ ಸಿಂಡ್ರೋಮ್. ಕೆಲವು ಕ್ಯಾನ್ಸರ್ ಮಾತ್ರೆಗಳು ಅಂಗೈ, ಅಂಗಾಲಿನ ಚರ್ಮವನ್ನು ಸುಡುತ್ತವೆ. ತಿಕ್ಕುವ, ಒತ್ತುವ ಕೆಲಸ ಮಾಡಿದಷ್ಟೂ ಜಾಸ್ತಿ. ಇದನ್ನು ಅಳೆಯಲು ಅಂತಾರಾಷ್ಟ್ರೀಯವಾಗಿ ಒಂದು ಗ್ರೇಡ್ ಪಟ್ಟಿಯಿದೆ. ನೋವಿಲ್ಲದೆ ಚರ್ಮ ಸ್ವಲ್ಪ ಬದಲಾಗಿದ್ದರೆ ಒಂದನೇ ಗ್ರೇಡು. ನೋವಿದ್ದು, ದಿನನಿತ್ಯದ ಹೊರಗೆಲಸಗಳಿಗೆ ಅಡ್ಡಿಯಾದರೆ ಎರಡು. ತನ್ನ ಸ್ನಾನ, ಊಟ, ಬಟ್ಟೆ ತಾನೇ ನೋಡಿಕೊಳ್ಳಲಾಗದಿದ್ದರೆ ಮೂರು. ಈ ಎರಡನೇ ಗ್ರೇಡಿನ 'ದಿನನಿತ್ಯದ ಕೆಲಸ'ಕ್ಕೆ ಪಟ್ಟಿ ಕೊಡುವ ಉದಾಹರಣೆ ನೋಡಿ: ಅಡುಗೆ ಮಾಡುವುದು, ಅಂಗಡಿಯಿಂದ ದಿನಸಿಯೋ ಬಟ್ಟೆಯೋ ತರುವುದು, ಫೋನ್ ಬಳಸುವುದು, ಹಣದ ಲೆಕ್ಕ ನೋಡುವುದು. ಚಿಕ್ಕಮ್ಮ ಇದೆಲ್ಲ ಮಾಡುತ್ತಿದ್ದರು. ಗಂಜಿ ಬೇಯಿಸುತ್ತಿದ್ದರು, ಫೋನ್ ಒತ್ತುತ್ತಿದ್ದರು. ಮೊಣಕಾಲ ಮೇಲೆ ತಡ್ಪೆ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಬೆರಳ ತುದಿಯಲ್ಲಿ ಸುತ್ತಿ, ನೂಲು ಬಿಗಿಯುವ ಕೆಲಸ ಆ ಪಟ್ಟಿಯಲ್ಲಿಲ್ಲ. ಅಡಿಕೆ ಸುಲಿಯುವುದೂ ಇಲ್ಲ, ರಬ್ಬರ್ ಮರ ಗೀರುವುದೂ ಇಲ್ಲ. ಪಟ್ಟಿ ಮಾಡಿದವರ ಮನೆಯಲ್ಲಿ ಯಾರೂ ಬೆರಳ ತುದಿಯಿಂದ ಬದುಕುತ್ತಿರಲಿಲ್ಲವೇನೋ. ಬೀಡಿಯ ಲೆಕ್ಕ ಕೇಳದಿದ್ದರೆ ಚಿಕ್ಕಮ್ಮನ ನೋವು ಆ ಕಾಗದದ ಮೇಲೆ ಒಂದನೇ ಗ್ರೇಡಿನಲ್ಲೋ, ಸೊನ್ನೆಯಲ್ಲೋ ಉಳಿಯುತ್ತಿತ್ತು. ಬೀಡಿ ಪುಸ್ತಕ ಅದನ್ನು ಎರಡಕ್ಕೆ ಏರಿಸಿತು.

ಅಂದರೆ ಊರಿನವಳಾಗಿದ್ದರಿಂದಲೇ ಸಿಸ್ಟರ್‌ಗೆ ಸತ್ಯ ಸಿಕ್ಕಿತು. ಚಿಕ್ಕಮ್ಮ ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಹೇಳಿದ್ದೂ ಅದನ್ನೇ, ಇನ್ನೊಂದು ದನಿಯಲ್ಲಿ: 'ಮನೆಯವಳ ಹಾಗೆ ಕೇಳಿದಳು, ಪೊಲೀಸಿನವಳ ಹಾಗೆ ಬರೆದಳು.'

ಮಾತ್ರೆಯನ್ನು ಎರಡು ವಾರ ನಿಲ್ಲಿಸಿದರು. ಮತ್ತೆ ಶುರುಮಾಡುವಾಗ ಪ್ರಮಾಣ ಇಳಿಸಿದರು. ನಾನು ಸಿಸ್ಟರ್ ಜೊತೆ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಶುಶ್ರೂಷೆ ಎಂಬ ಶಬ್ದಕ್ಕೆ ನಾವು ಆರೈಕೆ ಎಂದು ಅರ್ಥ ಮಾಡುತ್ತೇವೆ. ಸಂಸ್ಕೃತದ ಮೂಲದಲ್ಲಿ ಅದು 'ಕೇಳಬೇಕೆಂಬ ಇಚ್ಛೆ'. ಕಿವಿಗೊಡುವ ಆಸೆಯೇ ಸೇವೆಯಾದದ್ದು ಆಮೇಲೆ. ಚರಕ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದ ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಇರಬೇಕಾದ ನಾಲ್ಕು ಗುಣಗಳಲ್ಲಿ ಉಪಚಾರದ ತಿಳಿವಳಿಕೆ, ದಕ್ಷತೆ, ಶುಚಿತ್ವದ ಜೊತೆಗೆ ಅನುರಾಗವೂ ಸೇರಿದೆ. ರೋಗಿಗೂ ಗುಣಗಳುಂಟು. ಹೆದರದಿರುವುದು ಒಂದು, ತನಗೆ ಏನಾಗುತ್ತಿದೆ ಎಂದು ತಿಳಿಸಬಲ್ಲವನಾಗಿರುವುದು ಇನ್ನೊಂದು. ಇವೆರಡನ್ನೂ ಅಕ್ಕಪಕ್ಕ ಇಟ್ಟವರು ಏನನ್ನೋ ಕಂಡಿದ್ದರು. ಹೆದರಿದವಳು ತಿಳಿಸುವುದಿಲ್ಲ.

ಆದರೆ ಚರಕನ ಕೋಣೆಯಲ್ಲಿ ನಾಲ್ಕೇ ಪಾದ. ಟ್ರಯಲಿನ ಕೋಣೆಯಲ್ಲಿ ಐದನೆಯವನೊಬ್ಬ ಇರುತ್ತಾನೆ, ಕಣ್ಣಿಗೆ ಕಾಣದವನು: ಮುಂದೆ ಎಂದೋ ಆ ಮಾತ್ರೆ ನುಂಗಲಿರುವ ರೋಗಿ. ಚಿಕ್ಕಮ್ಮ ಸುಳ್ಳು ಬರೆದರೆ, ಸಿಸ್ಟರ್ ಆ ಸುಳ್ಳನ್ನು ಒಪ್ಪಿದರೆ, ಇಂಥ ಹತ್ತಾರು ಸುಳ್ಳುಗಳು ಸೇರಿದರೆ, ಆ ಮಾತ್ರೆ ಕೈ ಸುಡುವುದಿಲ್ಲ ಎಂದು ಲೆಕ್ಕವಾಗುತ್ತದೆ. ಎಲ್ಲೋ ದೂರದ ಒಬ್ಬ ಹೆಂಗಸು ಪೂರ್ತಿ ಪ್ರಮಾಣ ನುಂಗಿ, ಏಕೆ ಹೀಗಾಯಿತು ಎಂದು ಗೊತ್ತಾಗದೆ ಅಂಗೈ ನೋಡಿಕೊಳ್ಳುತ್ತಾಳೆ.

ಈ ಐದನೆಯವನ ಪರವಾಗಿ ವಾದಿಸುವುದು ಕಷ್ಟವಲ್ಲ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ನಡೆದ, 2023ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೆನಪಾಗುತ್ತದೆ. ತಲೆ ಮತ್ತು ಕುತ್ತಿಗೆಯ ಮುಂದುವರಿದ ಕ್ಯಾನ್ಸರ್ ಇದ್ದವರು, ಅಂದರೆ ಹೆಚ್ಚಿನಂಶ ಎಲೆಅಡಿಕೆ, ಹೊಗೆಸೊಪ್ಪಿನ ನಮ್ಮಂಥದ್ದೇ ದೇಶದ ಜನ. ನಿವೋಲುಮ್ಯಾಬ್ ಎಂಬ ಬಹಳ ದುಬಾರಿ ಇಂಜೆಕ್ಷನ್ನನ್ನು ರೂಢಿಯ 240 ಮಿಲಿಗ್ರಾಂ ಬದಲು ಬರೀ 20 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ, ಅಗ್ಗದ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಮಾತ್ರೆ ಮಾತ್ರ ಸಿಕ್ಕವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 16.3, ಇಂಜೆಕ್ಷನ್ನೂ ಸಿಕ್ಕವರಲ್ಲಿ 43.4. ಬಡವರ ಕೈಗೆ ಎಟುಕುವ ಒಂದು ದಾರಿ ಹಾಗೆ ತೆರೆಯಿತು. ಆ ದಾರಿ ತೆರೆಯಲು ಯಾರದೋ ಚೀಟಿಯಲ್ಲಿ 16 ಬರಬೇಕಿತ್ತು. ಅವರು ಬಂದು ಕೂತರು, ಕೈ ತೋರಿಸಿದರು, ಯಾರೋ ಬರೆದುಕೊಂಡರು. ಅವರ ಋಣ ನಮ್ಮ ಮೇಲಿದೆ ಎಂದು ನಾನು ನಂಬುತ್ತೇನೆ.

ಹೀಗಿದ್ದೂ, ಇದನ್ನು ಚಿಕ್ಕಮ್ಮನಿಗೆ ಹೇಳಿ ಸಮಾಧಾನ ಮಾಡಲು ನನಗೆ ಬಾಯಿ ಬರಲಿಲ್ಲ. ಅವರು ಐದನೆಯವನಿಗಾಗಿ ಸಹಿ ಹಾಕಿದವರಲ್ಲ. ಹಾಕಬೇಕಿತ್ತು ಎಂದು ಹೇಳುವ ಹಕ್ಕು ಆರೋಗ್ಯವಾಗಿರುವ ನನಗಿಲ್ಲ. ಎಂಟುನೂರು ಬೀಡಿಯಿಂದ ಇನ್ನೂರಕ್ಕೆ ಇಳಿದವಳ ಎದುರು ಮಾನವಕುಲದ ಒಳಿತು ಎಂಬ ಮಾತು ಕೊಂಚ ಅಶ್ಲೀಲವಾಗಿಯೇ ಕೇಳಿಸುತ್ತದೆ. ಅಷ್ಟೇ ಅಲ್ಲ, ನಾವು ಈ ಜನರ ತ್ಯಾಗಕ್ಕೆ ಕಟ್ಟುವ ಬೆಲೆಯನ್ನೂ ನೋಡಬೇಕು. 2019ರ ಮಾರ್ಚಿನಲ್ಲಿ ಹೊರಬಂದ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ, ಪ್ರಯೋಗದ ಕಾರಣದಿಂದ ಸತ್ತರೆ ಪರಿಹಾರ ಎಷ್ಟು ಎಂದು ಲೆಕ್ಕ ಹಾಕುವ ಸೂತ್ರವಿದೆ. ಮೂಲ ಮೊತ್ತ 8 ಲಕ್ಷ, ಅದಕ್ಕೆ ವಯಸ್ಸಿನ ಅಂಶ, ಅಪಾಯದ ಅಂಶ. ಅಪಾಯದ ಅಂಶ ಆರೋಗ್ಯವಂತನಿಗೆ 4. ಆರು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆಯಿಲ್ಲದ ರೋಗಿಗೆ 0.5. ಅರುವತ್ತೈದು ದಾಟಿದ ಇಬ್ಬರನ್ನು ತೆಗೆದುಕೊಂಡರೆ ಒಬ್ಬರ ಸಾವಿಗೆ 32 ಲಕ್ಷ, ಇನ್ನೊಬ್ಬರದ್ದಕ್ಕೆ 4 ಲಕ್ಷ. ವಿಮೆಯ ತರ್ಕದಲ್ಲಿ ಇದು ಸರಿಯೇ ಇರಬಹುದು. ಉಳಿದ ದಿನ ಕಡಿಮೆ, ನಷ್ಟ ಕಡಿಮೆ. ಆದರೆ ದಿನ ಕಡಿಮೆ ಉಳಿದವನಿಗೆ ಒಂದೊಂದು ದಿನದ ತೂಕ ಹೆಚ್ಚಲ್ಲವೇ ಎಂದು ಕೇಳಲು ಆ ಸೂತ್ರದಲ್ಲಿ ಜಾಗವಿಲ್ಲ. ಏನೇ ಇರಲಿ, ಪರಿಹಾರವೆಂಬುದು ಬಂದದ್ದೇ ದೊಡ್ಡದು. 2013ಕ್ಕೆ ಮೊದಲು ಇಷ್ಟು ಸ್ಪಷ್ಟವಾದ ನಿಯಮವೂ ಇರಲಿಲ್ಲ.

ಸುಳ್ಯದಲ್ಲಿ ನನಗೊಬ್ಬ ಗೆಳತಿ ಇದ್ದಾಳೆ, ಇಪ್ಪತ್ತು ವರ್ಷದಿಂದ ವಾರ್ಡಿನಲ್ಲಿ ಕೆಲಸ ಮಾಡುವವಳು. ಇದನ್ನೆಲ್ಲ ಹೇಳಿದಾಗ ಅವಳು ನಕ್ಕಳು. 'ನೀವು ಬರೆಯುವವರು ಎಲ್ಲದಕ್ಕೂ ದೊಡ್ಡ ಪ್ರಶ್ನೆ ಮಾಡ್ತೀರಿ ಮಾರಾಯ್ತಿ. ಅವಳು ಬರೆಯದಿದ್ದರೆ ಅದೇ ಪ್ರಮಾಣ ಇನ್ನೊಂದು ಮೂರು ವಾರ ಹೋಗ್ತಿತ್ತು. ಚರ್ಮ ಒಡೆದು, ಸೋಂಕು ತಗುಲಿ, ಬಿಳಿ ರಕ್ತಕಣ ಕಡಿಮೆ ಇರುವಾಗ ಏನಾಗ್ತಿತ್ತು ಗೊತ್ತುಂಟಾ? ವಿಜ್ಞಾನ ಎಲ್ಲ ಬಿಡು. ಬರೆದದ್ದೇ ಮದ್ದು.'

ಅವಳ ಮಾತು ಸರಿ. ಸರಿ ಎಂದು ಒಪ್ಪಿದ ಮೇಲೂ ಮುಳ್ಳು ಹೋಗಲಿಲ್ಲ. ಏಕೆಂದರೆ ಚಿಕ್ಕಮ್ಮ ಏನೂ ತಿಳಿಯದ ಮಗುವಲ್ಲ. ಕೈ ಉರಿದರೂ ಪರವಾಗಿಲ್ಲ, ನಾಲ್ಕು ದಿನ ಹೆಚ್ಚು ಬದುಕಬೇಕು ಎಂದು ತಮ್ಮ ಲೆಕ್ಕ ತಾವು ಮಾಡಿದ್ದರು. ನನ್ನ ಕೈ, ನನ್ನ ನೋವು, ನನ್ನ ಜೀವ. ಆ ಲೆಕ್ಕವನ್ನು ಇನ್ನೊಬ್ಬರು ಪೆನ್ನಿನಿಂದ ಹೊಡೆದುಹಾಕಬಹುದೇ? ಇದಕ್ಕೆ ನಾನು ಬಹಳ ದಿನ 'ಬಾರದು' ಎಂದೇ ಉತ್ತರ ಕೊಟ್ಟುಕೊಂಡೆ. ಆಮೇಲೆ ಗೊತ್ತಾಯಿತು, ಅವರ ಲೆಕ್ಕದಲ್ಲಿ ಒಂದು ಅಂಕಿಯೇ ತಪ್ಪಿತ್ತು. ಪ್ರಮಾಣ ಇಳಿಸಿದ ಮಾತ್ರಕ್ಕೆ ಹೊರಗೆ ಹಾಕುವುದಿಲ್ಲ. ಇಳಿಸುವುದು ಹೇಗೆ, ಯಾವಾಗ ಎಂಬುದೇ ಆ ಪ್ರಯೋಗದ ಕ್ರಮದಲ್ಲಿ ಮೊದಲೇ ಬರೆದಿತ್ತು. ಇಳಿಸಿದ ಮೇಲೂ ಅವರು ಟ್ರಯಲಿನಲ್ಲೇ ಇದ್ದರು, ಅದೇ ಕೋಣೆ, ಅದೇ ಹುಡುಗಿ. ಇದು ಅವರಿಗೆ ತಿಳಿದದ್ದು ಸಿಸ್ಟರ್ ಬರೆದ ಮೇಲೆ. ಬರೆಯುವ ಮೊದಲು, ಸಹಿಯ ದಿನವೇ, 'ನೋವಾದರೆ ಹೇಳಿ ಅಮ್ಮಾ, ಹೇಳಿದ್ದಕ್ಕೆ ಯಾರೂ ನಿಮ್ಮನ್ನು ಹೊರಗೆ ಕಳಿಸುವುದಿಲ್ಲ' ಎಂಬ ಒಂದು ಮಾತು ತುಳುವಿನಲ್ಲಿ ಬಿದ್ದಿದ್ದರೆ ಸೆರಗಿನೊಳಗೆ ಕೈ ಹೋಗುತ್ತಿರಲಿಲ್ಲ. ಕನ್ನಡದ ಆ ಒಪ್ಪಿಗೆ ಪತ್ರದಲ್ಲಿ ಇದ್ದಿರಬಹುದು. ಅದರ ಎಷ್ಟನೇ ಪುಟದಲ್ಲೋ.

ಸಿಸ್ಟರ್ ಮೇಲೆ ನನಗೆ ಉಳಿದ ದೂರು ಇದೊಂದೇ. ಬರೆದದ್ದಲ್ಲ. ಅದನ್ನೂ ಅವರೊಬ್ಬರ ಮೇಲೆ ಹೊರಿಸಲು ಮನಸ್ಸಾಗುವುದಿಲ್ಲ. ನಮ್ಮ ಕಡೆ ಇಂಥ ಕೆಲಸಕ್ಕೆ ಹೆಚ್ಚಾಗಿ ಪ್ರಯೋಗ ನಡೆಯುವಷ್ಟು ದಿನಕ್ಕೆ ಜನ ತೆಗೆದುಕೊಳ್ಳುತ್ತಾರೆ. ಟ್ರಯಲ್ ಮುಗಿದರೆ ಸಂಬಳ ಮುಗಿಯಿತು. ಆ ಹುಡುಗಿಯ ಮೇಜಿನ ಮೇಲೆ ಇನ್ನೂ ಎಷ್ಟೋ ಚಿಕ್ಕಮ್ಮಂದಿರ ಫೈಲುಗಳಿದ್ದವು. ತಪಾಸಣೆಗೆ ಬರುವವರು ಕಾಲಮ್ಮು ತುಂಬಿದೆಯೇ ನೋಡುತ್ತಾರೆ. ಮಾತು ಮುಟ್ಟಿದೆಯೇ ಎಂದು ನೋಡುವ ಕಾಲಮ್ಮಿಲ್ಲ. ಅನುರಾಗವನ್ನು ಗುಣವೆಂದು ಎಣಿಸಿದ ಚರಕ ಸಂಹಿತೆಗೆ ಅದನ್ನು ಗುತ್ತಿಗೆಯ ಮೇಲೆ ಕೊಳ್ಳುವ ಕಾಲ ಬರುತ್ತದೆಂದು ಗೊತ್ತಿರಲಿಲ್ಲ. ಆ ಗುತ್ತಿಗೆಯೊಳಗೆ ನಿಂತು, ಇಲ್ಲಿ ಏನೋ ಸರಿಯಿಲ್ಲ ಎಂದು ಒಬ್ಬ ನರ್ಸ್ ಹೇಳಬೇಕಾಗಿ ಬಂದರೆ? ನಮ್ಮ ಪಕ್ಕದ ಕೇರಳದಲ್ಲೇ, ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ 1999-2000ರಲ್ಲಿ ಬಾಯಿಯ ಕ್ಯಾನ್ಸರಿನ ಇಪ್ಪತ್ತಕ್ಕೂ ಹೆಚ್ಚು ರೋಗಿಗಳ ಗಂಟಿಗೆ ಪ್ರಯೋಗದ ರಾಸಾಯನಿಕವೊಂದನ್ನು ಚುಚ್ಚಿದ್ದರು. 2001ರಲ್ಲಿ ಅದು ಬಯಲಾಗಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ತನ್ನ ಪ್ರಾಧ್ಯಾಪಕರು ಅಗತ್ಯವಾದ ಅನುಮತಿ ಪಡೆದಿರಲಿಲ್ಲ ಎಂದು ತನಿಖೆಯಲ್ಲಿ ಕಂಡುಕೊಂಡಿತು. ದನಿಯೆತ್ತಿದ್ದು ಆ ಕೇಂದ್ರದ ಒಳಗೇ ಇದ್ದ ಒಬ್ಬ ಹಿರಿಯ ವೈದ್ಯರು. ಅಲ್ಲಿ ಸೂಜಿ ಚುಚ್ಚುವಾಗ ರೋಗಿಯ ತಲೆ ಹಿಡಿದುಕೊಂಡವರು, ಆಮೇಲೆ ಬಾಯಿ ಒರೆಸಿದವರು ಯಾರಿದ್ದರೋ, ಅವರಿಗೆ ಏನು ಅನಿಸಿತ್ತೋ. ಆ ಬಗ್ಗೆ ಯಾರೂ ಬರೆದದ್ದು ನಾನು ಓದಿಲ್ಲ.

ಚಿಕ್ಕಮ್ಮ ಆಮೇಲೆ ಹದಿನಾಲ್ಕು ತಿಂಗಳು ಬದುಕಿದ್ದರು. ಪೂರ್ತಿ ಪ್ರಮಾಣದಲ್ಲೇ ಮುಂದುವರಿದಿದ್ದರೆ ಹೆಚ್ಚಾಗುತ್ತಿತ್ತೋ, ಕಡಿಮೆಯಾಗುತ್ತಿತ್ತೋ ಯಾರೂ ಹೇಳಲಾರರು. ಒಬ್ಬ ಮನುಷ್ಯ ಒಂದೇ ಸಲ ಬದುಕುವುದರಿಂದ ಅದರ ಟ್ರಯಲ್ ಮಾಡಲು ಬರುವುದಿಲ್ಲ. ಮಧ್ಯೆ ಗಂಟು ಮತ್ತೆ ಬೆಳೆದು, ಟ್ರಯಲಿನಿಂದ ಅವರನ್ನು ಬಿಡಿಸಿದರು. ಅದು ನಿಯಮ. ಹಾಗಾದ ಮೇಲೂ ಸಿಸ್ಟರ್ ಎರಡು ಮೂರು ಸಲ ಫೋನ್ ಮಾಡಿದರು, ಯಾವ ಕಾಲಮ್ಮಿಗೂ ಬೇಡದ ಫೋನು. ಒಮ್ಮೆ ನಾನೇ ತೆಗೆದೆ. 'ಅಮ್ಮನಿಗೆ ನನ್ನ ಮೇಲೆ ಸಿಟ್ಟು ಉಂಟಾ ಈಗಲೂ?' ಎಂದು ಕೇಳಿದರು. ಇಲ್ಲ ಎಂದೆ. ಅದು ನಿಜವೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಕೆಲವು ತಿಂಗಳ ನಂತರ ಅವರು ನಮ್ಮ ಜಿಲ್ಲೆಯ ಎಷ್ಟೋ ನರ್ಸ್‌ಗಳ ಹಾಗೆ ಗಲ್ಫಿಗೆ ಹೋದರು ಎಂದು ಕೇಳಿದೆ.

ಹದಿಮೂರನೆಯ ದಿನ ಕಳೆದ ಮೇಲೆ ಚಿಕ್ಕಮ್ಮನ ಟ್ರಂಕು ತೆರೆದಾಗ ಬೀಡಿ ಪುಸ್ತಕ ಸಿಕ್ಕಿತು. ಆಸ್ಪತ್ರೆಯ ಡೈರಿಯನ್ನು ಅವರು ಪ್ರತಿ ಸಲ ಅಲ್ಲಿಗೇ ಒಪ್ಪಿಸಬೇಕಿತ್ತು. ಅದು ನಮ್ಮ ಹತ್ತಿರ ಇಲ್ಲ. ಬೀಡಿ ಪುಸ್ತಕದ ಮುಂದಿನ ಹಾಳೆಗಳಲ್ಲಿ ಬ್ರಾಂಚಿನವನ ಅಂಕಿಗಳು, ಎಂಟುನೂರು, ಆರುನೂರು, ಇನ್ನೂರು. ಹಿಂದಿನ ಖಾಲಿ ಹಾಳೆಗಳಲ್ಲಿ, ಕೊನೆಯ ತಿಂಗಳುಗಳಲ್ಲಿ, ಪೆನ್ಸಿಲಿನಲ್ಲಿ, ಸೊಟ್ಟ ಕನ್ನಡ ಅಕ್ಷರದಲ್ಲಿ ಅವರೇ ದಿನದಿನದ್ದು ಬರೆದುಕೊಂಡಿದ್ದರು. ಟ್ರಯಲಿನಿಂದ ಬಿಡಿಸಿದ ಮೇಲಿನ ದಿನಗಳು ಅವು, ಯಾರೂ ಬರೆಯಲು ಹೇಳಿರಲಿಲ್ಲ, ಯಾರೂ ನೋಡುವವರಿರಲಿಲ್ಲ. ಕೈ ಉರಿ ಕಡಿಮೆ. ಗಂಜಿ ಅರ್ಧ ಹೋಯಿತು. ಬೆನ್ನು ನೋವು ರಾತ್ರಿ ಜಾಸ್ತಿ. ಬೀಡಿ ನಲುವತ್ತು. ಒಂದು ಕಡೆ ಹೀಗಿದೆ: ಸಿಸ್ಟರಿಗೆ ಫೋನ್ ಮಾಡಿದೆ, ಸ್ವಿಚ್ ಆಫ್.